ಬಯಲುಸೀಮೆಯ ಧೂಳೂ ಕಾಗದದ ಕಲ್ಲುರಥವೂ

ಮರುಭೂಮಿ ಎಂಬ ಶಬ್ದಕ್ಕೆ ತರಗತಿಯಲ್ಲಿ ಅರ್ಥ ಹೇಳುವಾಗಲೆಲ್ಲ ನನ್ನ ಕಣ್ಣಿಗೆ ರಾಜಸ್ಥಾನದ ಮರಳು ಬರುವುದಿಲ್ಲ; ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ದಾರಿ ಬರುತ್ತದೆ. ಭೂಗೋಳ ಕಲಿಸುವ ಮಾಸ್ತರರು ಇದನ್ನು ಒಪ್ಪಲಾರರು. ತುಂಗಭದ್ರೆ ಹರಿಯುವ ಸೀಮೆಯನ್ನು ಮರುಭೂಮಿಯೆಂದರೆ ನಕ್ಕಾರು. ಆದರೆ ಶಬ್ದದ ಅರ್ಥ ಆಡುವವನ ಊರಿನ ಮೇಲೂ ನಿಂತಿರುತ್ತದೆ. ಸಿದ್ದಾಪುರ ತಾಲೂಕಿನ ಕೋಲಸಿರ್ಸಿಯಂಥ ಊರಿನಲ್ಲಿ, ಮಳೆಗಾಲ ಬಂತೆಂದರೆ ಜಗಲಿಗೆ ತಟ್ಟಿ ಕಟ್ಟಿಕೊಂಡು ನಾಲ್ಕು ತಿಂಗಳು ಒಳಗೇ ಕುಳಿತು ಬೆಳೆದವನಿಗೆ, ಗದಗ ದಾಟಿದ ಮೇಲಿನ ನೆಲವೆಲ್ಲ ಮರುಭೂಮಿಯೇ.

1996ರ ಜನವರಿಯಲ್ಲಿ ಹತ್ತನೆಯ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋದೆವು. ಶಿರಸಿ, ಮುಂಡಗೋಡ, ಹುಬ್ಬಳ್ಳಿ. ಬಸ್ಸು ಮುಂದೆ ಹೋದಂತೆ ಮರಗಳು ಕುಳ್ಳಾದವು, ಆಮೇಲೆ ವಿರಳವಾದವು, ಕೊನೆಗೆ ಜಾಲಿಯೊಂದೇ ಉಳಿಯಿತು. ಕೊಪ್ಪಳ ಬರುವಷ್ಟರಲ್ಲಿ ಸೀಟುಗಳ ಮೇಲೆ ಧೂಳಿನ ಪದರ ಕುಳಿತು ಮಕ್ಕಳು ಅದರಲ್ಲಿ ಬೆರಳಿನಿಂದ ತಮ್ಮ ಹೆಸರು ಬರೆಯುತ್ತಿದ್ದರು. ನನ್ನ ಕೊರಳಿನಲ್ಲಿ ಮುಂಬಯಿಯಲ್ಲಿದ್ದ ಭಾವನಿಂದ ಎರವಲು ತಂದ ಕ್ಯಾಮರಾ. ಜೇಬಿನಲ್ಲಿ 36 ಚಿತ್ರಗಳ ಎರಡು ರೀಲು. ಶಾಲೆಯ ಗೋಡೆಗೆ ತೂಗುಹಾಕಲು ವಿಜಯನಗರದ ಚಿತ್ರಗಳನ್ನು ನಾನೇ ತೆಗೆದು ತರುವೆನೆಂದು ಹೆಡ್‌ಮಾಸ್ತರರಿಗೆ ಮಾತು ಕೊಟ್ಟಿದ್ದೆ.

ಮೊದಲ ರೀಲು ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿಗೆ ಬರುವಾಗ ಮುಗಿಯಿತು. ಗಾಳಿ ಬೀಸುತ್ತಿತ್ತು. ನಡುಬೀದಿಯಲ್ಲಿ ನಿಂತುಕೊಂಡೇ ಕ್ಯಾಮರಾದ ಬೆನ್ನು ತೆರೆದು ಎರಡನೆಯ ರೀಲು ಹಾಕಿದೆ. ಬುದ್ಧಿಯುಳ್ಳವರು ಮಾಡುವ ಕೆಲಸವಲ್ಲ.

ಆ ಬೀದಿಯ ಎರಡೂ ಬದಿಗೆ ವಿಜಯನಗರದ ಕಾಲದ ಕಲ್ಲುಕಂಬದ ಸಾಲುಮಂಟಪಗಳಿವೆ. ಆಗ ಅವುಗಳಲ್ಲಿ ಜನ ವಾಸವಾಗಿದ್ದರು. ಕಂಬಕ್ಕೆ ಕಂಬ ಸೇರಿಸಿ ಗೋಡೆಯೆತ್ತಿ, ಸುಣ್ಣ ಬಳಿದು, ಒಂದರಲ್ಲಿ ಹಣ್ಣುಕಾಯಿಯ ಅಂಗಡಿ, ಇನ್ನೊಂದರಲ್ಲಿ ಖಾನಾವಳಿ, ಮತ್ತೊಂದರಲ್ಲಿ ತೊಟ್ಟಿಲು. ನನಗೆ ಬೇಕಾಗಿದ್ದುದು ಒಂದು ಕಂಬದ ಕೆತ್ತನೆ. ಅದರ ಮುಂದೆ ಚಹದ ಒಲೆ ಹೂಡಿಕೊಂಡು ಒಬ್ಬ ಹೆಂಗಸು ಕುಳಿತಿದ್ದಳು. ಸ್ವಲ್ಪ ಸರಿಯಬೇಕೆಂದು ಕೇಳಿದೆ.

“ಯಾಕ್ರಿ ಸರ, ನಾವು ಬರಬಾರದೇನ್ರಿ ಅದರಾಗ?” ಎಂದಳು. ಸಿಟ್ಟಿನಿಂದಲ್ಲ, ನಗುತ್ತಲೇ. “ಹಳೇ ಕಲ್ಲು ಮಾತ್ರ ಬೇಕಾಗಿತ್ತಮ್ಮಾ” ಎಂದೆ. ಕೆಟಲಿಯನ್ನು ಎತ್ತಿಕೊಂಡು ಸರಿದಳು. ಮಕ್ಕಳಿಗೆಲ್ಲ ಅಲ್ಲಿಯೇ ಚಹ ಕುಡಿಸಿದೆನೆಂಬುದಷ್ಟೇ ನನ್ನ ಪಾಲಿನ ಸಮಾಧಾನ.

ಊರಿಗೆ ಬಂದು ರೀಲು ತೊಳೆಯಿಸಿದಾಗ ಎರಡನೆಯದರ ಪ್ರತಿಯೊಂದು ಚಿತ್ರದ ಮೇಲೂ ಎಡದಿಂದ ಬಲಕ್ಕೆ ಕೂದಲೆಳೆಯಂಥ ನೇರ ಗೆರೆ. “ಮಾಸ್ತರೇ, ಒಳಗೆ ಒಂದೇ ಒಂದು ಹರಳು ಮಣ್ಣು ಸೇರಿದರೆ ಸಾಕು, ರೀಲು ಸುತ್ತುವಾಗ ಉದ್ದಕ್ಕೂ ಗೀರಿಬಿಡುತ್ತದೆ” ಎಂದರು ಸ್ಟುಡಿಯೋದವರು. ನಮ್ಮ ಕಡೆ ಫೋಟೋದ ಶತ್ರು ಬೂಷ್ಟು. ಗೋಡೆಯ ಮೇಲಿನ ಅಜ್ಜನ ಮುಖವನ್ನು ಅದು ವರ್ಷಕ್ಕಿಷ್ಟು ಎಂದು ತಿನ್ನುತ್ತ ಬರುವುದನ್ನು ಮಲೆನಾಡಿನವರೆಲ್ಲ ಕಂಡಿದ್ದೇವೆ. ಧೂಳಿನ ಹಾವಳಿ ನನಗೆ ಹೊಸತು. ಇಂಥ ಸೀಮೆಯಲ್ಲಿ ಮೊತ್ತಮೊದಲು ಚಿತ್ರ ತೆಗೆದವರು ಹೇಗೆ ತೆಗೆದಿರಬೇಕು ಎಂಬ ಕುತೂಹಲ ಹುಟ್ಟಿದ್ದು ಆ ಗೆರೆಯಿಂದಲೇ.

ಛಾಯಾಚಿತ್ರದ ವಿದ್ಯೆ ಕನ್ನಡನಾಡಿಗೆ ಬಂದುದು ಸಿಪಾಯಿದಂಗೆಗೂ ಮೊದಲು, ಹೆಚ್ಚಾಗಿ ಕಂಪನಿಯ ಸೈನ್ಯದವರ ಕೈಯಲ್ಲಿ. 1854ರ ಡಿಸೆಂಬರಿನಲ್ಲಿ ಮದರಾಸು ಸೈನ್ಯದ ಲಿನೇಯಸ್ ಟ್ರೈಪ್ ಎಂಬವನು, ಅದೇ ಸೈನ್ಯದ ವೈದ್ಯ ನೀಲ್ ಎಂಬವನ ಜೊತೆಗೂಡಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಲ್ಲಿ ಚಿತ್ರ ತೆಗೆದನು. 1855ರಲ್ಲಿ ಮುಂಬಯಿ ಸರಕಾರ ತನ್ನ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಇದಕ್ಕಾಗಿಯೇ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಡೆಗೆ ಕಳಿಸಿತು. ಕಟ್ಟಡಗಳ ನಕ್ಷೆ ಬರೆಯಿಸುವುದಕ್ಕೆ ಚಿತ್ರಕಾರರನ್ನು ವರ್ಷಗಟ್ಟಲೆ ಸಾಕುವುದಕ್ಕಿಂತ ಕ್ಯಾಮರಾ ಅಗ್ಗವೆಂಬುದು ಕಂಪನಿಯ ಲೆಕ್ಕ. ಕಲೆಯ ಮೇಲಣ ಪ್ರೀತಿಯೆಂದು ನಾವು ಹಿಗ್ಗಬೇಕಾಗಿಲ್ಲ. ವರ್ಷ ತುಂಬುವುದರೊಳಗೆ ಬಿಗ್ಸ್‌ನನ್ನು ಸೈನ್ಯದ ಕೆಲಸಕ್ಕೆ ಹಿಂದಕ್ಕೆ ಕರೆದರು. ಆ ಸ್ಥಾನಕ್ಕೆ ಡಾಕ್ಟರ್ ಪಿಗೂ ಎಂಬವನು ಬಂದನು.

ಇವರ ಚಿತ್ರಗಳು 1866ರಲ್ಲಿ ಎರಡು ದೊಡ್ಡ ಪುಸ್ತಕಗಳಾಗಿ ಹೊರಬಂದವು. ಒಂದು ಬಿಜಾಪುರದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರು ಪ್ರಾಂತದ ಶಿಲ್ಪದ್ದು. ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್ ಇತಿಹಾಸ ಬರೆದನು. ಶಿಲ್ಪದ ವಿಚಾರವನ್ನು ಜೇಮ್ಸ್ ಫರ್ಗ್ಯುಸನ್ ಬರೆದನು. ಹಣ ಮುಂಬಯಿಯ ವರ್ತಕರದು: ಬಿಜಾಪುರದ ಪುಸ್ತಕಕ್ಕೆ ಕರಸನದಾಸ ಮಾಧವದಾಸರು, ಧಾರವಾಡದ್ದಕ್ಕೆ ಪ್ರೇಮಚಂದ ರಾಯಚಂದರು. ಪ್ರೇಮಚಂದರಿಗೆ ಐಶ್ವರ್ಯ ಬಂದುದು ಅರಳೆಯಿಂದ. 1861ರಿಂದ 1865ರ ತನಕ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತು. ಧಾರವಾಡ ಸೀಮೆಯ ಎರೆಹೊಲದ ಅರಳೆಯೂ ಆಗ ಮುಂಬಯಿಗೆ ಹೋಗಿ ಹಡಗು ಹತ್ತುತ್ತಿತ್ತು. ಹೀಗೆ ದೂರದೇಶದ ಯುದ್ಧವೊಂದರ ಲಾಭದಿಂದ ನಮ್ಮ ದೇವಾಲಯಗಳ ಚಿತ್ರ ಅಚ್ಚಾಯಿತು. 1865ರಲ್ಲಿ ಬೆಲೆ ಬಿದ್ದಾಗ ಪ್ರೇಮಚಂದರ ಐಶ್ವರ್ಯವೂ ಕುಸಿಯಿತು. ಪುಸ್ತಕ ಮಾತ್ರ ಉಳಿಯಿತು.

ಹಂಪಿಗೆ ಬಂದವನು ಬೇರೆ. ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ. ಅವನು 1856ರಲ್ಲಿ ವಿಜಯನಗರದ ಅವಶೇಷಗಳ ಚಿತ್ರ ತೆಗೆದದ್ದು ಗಾಜಿನ ಮೇಲಲ್ಲ, ಕಾಗದದ ಮೇಲೆ. ಇದೇ ಈ ಕಥೆಯ ಮುಖ್ಯ ಗಂಟು.

ಆಗ ಯೂರೋಪಿನಲ್ಲಿ ಗಾಜಿನ ವಿಧಾನ ಬಂದು ಐದು ವರ್ಷವಾಗಿತ್ತು. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಹೊಯ್ದು, ಅದನ್ನು ಬೆಳ್ಳಿಯ ಲವಣದಲ್ಲಿ ಅದ್ದಿ, ಹಸಿಯಿರುವಾಗಲೇ ಕ್ಯಾಮರಾದಲ್ಲಿಟ್ಟು ಚಿತ್ರ ತೆಗೆದು, ಹಸಿಯಿರುವಾಗಲೇ ತೊಳೆದು ಮುಗಿಸಬೇಕು. ಚಿತ್ರವೇನೋ ಕನ್ನಡಿಯಂತೆ ಸ್ಪಷ್ಟ. ಆದರೆ ಬಳ್ಳಾರಿಯ ಕಡೆಯ ಬಿಸಿಗಾಳಿಗೆ ಹಸಿ ಎಷ್ಟು ಹೊತ್ತು ನಿಂತೀತು? ಆ ಅಂಟಿನ ಮೇಲೆ ಧೂಳು ಕುಳಿತರೆ ಒರೆಸುವುದಾದರೂ ಹೇಗೆ? ಕಾಗದಕ್ಕೆ ಈ ಅವಸರವಿಲ್ಲ. ಹಿಂದಿನ ದಿನವೇ ಸಿದ್ಧಪಡಿಸಿ ಒಣಗಿಸಿಟ್ಟುಕೊಳ್ಳಬಹುದು. ಹಗಲಿಗೆ ಚಿತ್ರ ತೆಗೆದು ಸಾಯಂಕಾಲ ಬಿಡಾರಕ್ಕೆ ಮರಳಿ ಕತ್ತಲೆಯಲ್ಲಿ ತೊಳೆಯಬಹುದು. ತೊಳೆದ ಕಾಗದಕ್ಕೆ ಮೇಣ ಹಾಯಿಸಿದರೆ ಬೆಳಕು ದಾಟುವಷ್ಟು ತೆಳುವಾಗಿ ಕಾಣುತ್ತದೆ. ಅದರಿಂದ ಪ್ರತಿಗಳನ್ನು ಇಳಿಸಬಹುದು. ಗ್ರೀನ್‌ಲಾ ಈ ವಿಧಾನವನ್ನು ಬಿಸಿಲುನಾಡಿಗೆ ಹೊಂದುವಂತೆ ತನ್ನದೇ ರೀತಿಯಲ್ಲಿ ತಿದ್ದಿಕೊಂಡಿದ್ದನು.

ಚಿತ್ರವನ್ನು ಆಮೇಲೆ ದೊಡ್ಡದು ಮಾಡುವ ಅನುಕೂಲ ಅಂದಿನವರಿಗೆ ಇರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ಕಾಗದ, ಅದನ್ನು ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ. ಗ್ರೀನ್‌ಲಾನ ಕಾಗದಗಳು ಸುಮಾರು 16 ಅಂಗುಲಕ್ಕೆ 18 ಅಂಗುಲ. ಆ ಲೆಕ್ಕದಲ್ಲಿ ಕ್ಯಾಮರಾ ನಮ್ಮ ಮನೆಯ ಅಕ್ಕಿಯ ಪೆಟ್ಟಿಗೆಯಷ್ಟು ಆಗಿರಬೇಕು. ಅದನ್ನು ಹೊತ್ತು ಬಂಡೆಯಿಂದ ಬಂಡೆಗೆ ಏರಿಸಿದವರು, ತೊಳೆಯುವ ನೀರು ತಂದವರು ಯಾರೋ ಇದ್ದೇ ಇದ್ದರು. ಚಿತ್ರಗಳ ಕೆಳಗೆ ಅವರ ಹೆಸರಿಲ್ಲ.

ಗ್ರೀನ್‌ಲಾ 1870ರಲ್ಲಿ ತೀರಿಕೊಂಡನು. ಆ ಕಾಗದಗಳನ್ನು ಲೋಕ ಮರೆಯಿತು. 1980ರಲ್ಲಿ, ಸುಮಾರು 60 ನೆಗೆಟಿವುಗಳು ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಪತ್ತೆಯಾದವು. ನಮ್ಮ ಮಲೆನಾಡಿನ ಅಟ್ಟದಲ್ಲಿ ಇದ್ದಿದ್ದರೆ ಗೆದ್ದಲಿಗೆ ಹಬ್ಬವಾಗುತ್ತಿತ್ತು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಎಂಬವರು ಆ ಚಿತ್ರಗಳನ್ನು ಹಿಡಿದುಕೊಂಡು ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ ನಿಂತು, ಅವೇ ಕಟ್ಟಡಗಳನ್ನು ಮತ್ತೆ ತೆಗೆದರು. ಎರಡನ್ನೂ ಜೋಡಿಸಿಟ್ಟರೆ 127 ವರ್ಷಗಳಲ್ಲಿ ಬಿದ್ದುದೇನು, ಎದ್ದುದೇನು, ಬೆಳೆದುದೇನು ಎಂಬುದು ಕಣ್ಣಿಗೆ ಕಾಣುತ್ತದೆ.

ಅವುಗಳಲ್ಲಿ ಒಂದನ್ನು ಹೇಳಬೇಕು. ವಿಠ್ಠಲ ದೇವಾಲಯದ ಪ್ರಾಂಗಣದ ಕಲ್ಲಿನ ರಥ ಯಾರಿಗೆ ಗೊತ್ತಿಲ್ಲ! 2017ರಲ್ಲಿ ಹೊರಟ 50 ರೂಪಾಯಿಯ ನೋಟಿನ ಬೆನ್ನ ಮೇಲೆ ಅದೇ ಇದೆ. ಅದು ನಿಜವಾಗಿ ಗರುಡನ ಗುಡಿ. ಒಂದೇ ಕಲ್ಲಿನದೆಂದು ಜನ ಹೇಳುವುದುಂಟು. ಹಲವು ಕಲ್ಲುಗಳನ್ನು ಸಂದು ಕಾಣದಂತೆ ಕೂಡಿಸಿ ಕಟ್ಟಿದ್ದು. ಈಗ ಎಳೆಯುವಂತೆ ನಿಂತಿರುವ ಆನೆಗಳ ಹಿಂದೆ ಮೊದಲಿದ್ದ ಕುದುರೆಗಳ ಬಾಲ ಇನ್ನೂ ಕಾಣುತ್ತವೆ. ನೋಟಿನಲ್ಲಿ ರಥದ ತಲೆ ಚಪ್ಪಟೆ. ಗ್ರೀನ್‌ಲಾನ ಚಿತ್ರದಲ್ಲಿಯೋ, ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ! ಆಮೇಲೆ ಅದು ಇಲ್ಲವಾಯಿತು. ನಾವು ಕಲ್ಲಿನ ರಥವೆಂದು ಮಕ್ಕಳಿಗೆ ತೋರಿಸುವುದು ಶಿಖರ ಕಳೆದುಕೊಂಡ ಗುಡಿಯನ್ನು. ಇಟ್ಟಿಗೆ ಹೋಯಿತು, ಅದರ ನೆರಳು ಹಿಡಿದ ಕಾಗದ ಉಳಿಯಿತು. ಗ್ರೀಕರ ಮಾತಿನಲ್ಲಿ ಫೋಟೋಗ್ರಾಫ್ ಎಂದರೆ ಬೆಳಕಿನ ಬರಹ; ನಮ್ಮವರು ಅದನ್ನು ಛಾಯಾಚಿತ್ರ ಎಂದರು. ಈ ಚಿತ್ರವನ್ನು ನೋಡಿದಾಗ ನಮ್ಮ ಶಬ್ದವೇ ಮೇಲೆನಿಸಿತು.

ಆದರೆ ಆ ಚಿತ್ರಗಳನ್ನು ನೋಡುತ್ತ ಹೋದಂತೆ ಒಂದು ಕೊರತೆ ಮನಸ್ಸಿಗೆ ತಟ್ಟುತ್ತದೆ. ನಿರ್ಜನ ನಗರ. ಕಾಗದಕ್ಕೆ ಬೆಳಕು ಹೀರಿಕೊಳ್ಳಲು ಹಲವು ನಿಮಿಷ ಬೇಕು. ಅಷ್ಟು ಹೊತ್ತು ಅಲುಗದೆ ನಿಲ್ಲಬಲ್ಲದ್ದು ಕಲ್ಲು. ನಡೆದುಹೋದವರು, ಕುರಿ ಹೊಡೆದುಕೊಂಡು ಬಂದವರು, ನೀರು ಹೊತ್ತವರು ಯಾರೂ ಕಾಗದದಲ್ಲಿ ನಿಲ್ಲಲಿಲ್ಲ. 1565ರ ಯುದ್ಧದ ಮೇಲೆ ಹಂಪಿ ಹಾಳುಬಿದ್ದು ಅಲ್ಲಿ ಕಲ್ಲೊಂದೇ ಉಳಿಯಿತೆಂಬ ಭಾವನೆ ನಮಗೆ ಪಾಠಪುಸ್ತಕದಿಂದ ಬಂದಿದೆ. ಅದಕ್ಕೆ ಇಂಥ ಚಿತ್ರಗಳೂ ಸಾಕ್ಷಿ ಹೇಳಿದಂತಾಗುತ್ತದೆ. ವಿರೂಪಾಕ್ಷನಿಗೆ ಪೂಜೆ ನಿಂತಿರಲಿಲ್ಲ, ತೇರು ನಿಂತಿರಲಿಲ್ಲ.

ಗ್ರೀನ್‌ಲಾನನ್ನು ಇದಕ್ಕಾಗಿ ದೂರುವಂತಿಲ್ಲ. ಅವನ ಕಾಗದಕ್ಕೆ ಜನ ಹಿಡಿಯಲಿಲ್ಲ, ಅಷ್ಟೆ. ನನ್ನ ಕೈಯಲ್ಲಿದ್ದ ಕ್ಯಾಮರಾ ಕಣ್ಣುಮಿಟುಕಿಸುವುದರೊಳಗೆ ಚಿತ್ರ ಹಿಡಿಯುವಂಥದು. ನಾನು ಬಾಯಿಬಿಟ್ಟು ಕೇಳಿ ಜನರನ್ನು ಸರಿಸಿದೆ.

2011ರ ಜುಲೈ ಕೊನೆಯಲ್ಲಿ ಹಂಪಿ ಬಜಾರಿನ ಮನೆ ಅಂಗಡಿಗಳನ್ನು ತೆರವು ಮಾಡಲಾಯಿತು. ಹಂಪಿ 1986ರಿಂದ ವಿಶ್ವಪರಂಪರೆಯ ತಾಣ. ಸ್ಮಾರಕವನ್ನು ಒತ್ತುವರಿಯಿಂದ ಕಾಪಾಡಬೇಕೆಂಬುದು ಒಂದು ನ್ಯಾಯ. ಸಾಲುಮಂಟಪ ಕಟ್ಟಿಸಿದ್ದೇ ಅಂಗಡಿ ನಡೆಯಲೆಂದು, ಅಲ್ಲಿ ಅಂಗಡಿ ನಡೆಸಿದವರು ಒತ್ತುವರಿದಾರರು ಹೇಗಾದರೆಂಬುದು ಇನ್ನೊಂದು ನ್ಯಾಯ. ಇವೆರಡರ ನಡುವೆ ತೀರ್ಪು ಹೇಳುವ ಯೋಗ್ಯತೆ ನನ್ನದಲ್ಲ. ಹದಿನೈದು ವರ್ಷ ಮೊದಲೇ, ಚಿತ್ರದ ಅಂದಕ್ಕಾಗಿ, ಅದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ನಾನೂ ಮಾಡಿದ್ದೆ.

2014ರಲ್ಲಿ ಮತ್ತೊಂದು ತಂಡದ ಮಕ್ಕಳೊಡನೆ ಹೋದೆ. ಬೀದಿ ಅಗಲವಾಗಿ, ಖಾಲಿಯಾಗಿ, ಬಿಸಿಲಿಗೆ ಬಿದ್ದುಕೊಂಡಿತ್ತು. ನಾನು ಬಯಸಿದ್ದ ಕಂಬ ಈಗ ಯಾವ ಅಡ್ಡಿಯೂ ಇಲ್ಲದೆ ಕಾಣುತ್ತಿತ್ತು. ಮಕ್ಕಳು ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ನಿಲ್ಲಿಸಿ ತೆಗೆದುಕೊಂಡರು. ಅವರ ಚಿತ್ರಗಳಲ್ಲಿ ಕಲ್ಲು ಕಾಣುವುದೇ ಅಪರೂಪ. ಗದರಿಸಲು ಹೋಗಿ ಸುಮ್ಮನಾದೆ. ಎಲ್ಲಿಯಾದರೂ ಚಹ ಸಿಗುವುದೇ ಎಂದು ಒಬ್ಬ ಹುಡುಗ ಕೇಳಿದ.

ಮನೆಗೆ ಬಂದು 1996ರ ರೀಲಿನ ಲಕೋಟೆ ಹುಡುಕಿದೆ. ಗೆರೆ ಬಿದ್ದ ಚಿತ್ರಗಳೆಂದು ಶಾಲೆಯ ಗೋಡೆಗೆ ಹಾಕದೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಬಿಟ್ಟಿದ್ದೆವು. ಹೊಗೆಗೆ ಬೂಷ್ಟು ಬಂದಿರಲಿಲ್ಲ. ಕಂಬದ ಚಿತ್ರವನ್ನು ಬೆಳಕಿಗೆ ಹಿಡಿದೆ. ಕೆತ್ತನೆ ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಬಲಗಡೆಯ ಅಂಚಿನಲ್ಲಿ, ಧೂಳು ಗೀರಿದ ಗೆರೆಯ ಕೆಳಗೆ, ಹಸಿರು ಬಳೆಯ ಒಂದು ಕೈ, ಆ ಕೈಯಲ್ಲಿ ಕೆಟಲಿ. ಅವಳು ಪೂರ್ತಿ ಸರಿಯುವುದರೊಳಗೆ ನಾನು ಗುಂಡಿ ಒತ್ತಿದ್ದೆ.