ಯಾವ ರೋಗಕ್ಕೆ ಮೊದಲ ಮಣೆ? ಜಪಾನಿನ ಪಶುರೋಗಗಳ ಆದ್ಯತೆಯ ಲೆಕ್ಕ

ಜಪಾನಿನ ಜಾನುವಾರು ಸಾಂಕ್ರಾಮಿಕ ರೋಗ ತಡೆ ಕಾಯಿದೆ 1951ರದು. ಸರಕಾರವೇ ಮುಂದೆ ನಿಂತು ಹತೋಟಿಗೆ ತರಬೇಕಾದ ರೋಗಗಳ ಪಟ್ಟಿಯೊಂದು ಅದರ ಎರಡನೆಯ ವಿಧಿಯಲ್ಲಿದೆ. ಇಂದು ಆ ಪಟ್ಟಿಯಲ್ಲಿ 28 ಹೆಸರುಗಳಿವೆ. ಮೊದಲನೆಯದು ದನಗಳ ಮಹಾಮಾರಿ ಎನಿಸಿದ್ದ ರಿಂಡರ್‌ಪೆಸ್ಟ್. ಈ ರೋಗ ಜಪಾನಿನ ನೆಲದಿಂದ 1920ರ ದಶಕದಲ್ಲಿಯೇ ಮರೆಯಾಯಿತು. 2011ರಲ್ಲಿ ಇಡೀ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಎಲ್ಲಿಯೂ ಇಲ್ಲದ ರೋಗವೊಂದು ಪಟ್ಟಿಯ ತಲೆಯ ಮೇಲೆ ಕುಳಿತಿರುವುದನ್ನು ಮೊದಲ ಬಾರಿ ಕಂಡಾಗ ಅದು ಹಳೆಯ ಕಾಯಿದೆಯ ಮರೆವು ಎಂದೇ ನಾನು ತಿಳಿದಿದ್ದೆ. ಆದರೆ ಜಪಾನಿನ ಕಳೆದ ಕಾಲು ಶತಮಾನದ ಅನುಭವವನ್ನು ಓದುತ್ತ ಹೋದಂತೆ ನನ್ನ ಅಭಿಪ್ರಾಯ ಬದಲಾಯಿತು. ಯಾವ ರೋಗಕ್ಕೆ ಹಣ, ಸಂಶೋಧನೆ ಮತ್ತು ಕಾನೂನಿನ ಬಲ ಮೊದಲು ಸಲ್ಲಬೇಕೆಂಬುದು ಸತ್ತ ಪಶುಗಳ ಎಣಿಕೆಯಿಂದ ಮಾತ್ರ ನಿರ್ಧಾರವಾಗುವುದಿಲ್ಲ.

ಎರಡು ಮೆಟ್ಟಿಲುಗಳು

ಈ 28 ರೋಗಗಳ ಕೆಳಗೆ ಸುಮಾರು 70 ರೋಗಗಳ ಇನ್ನೊಂದು ಪಟ್ಟಿಯಿದೆ. ಮೇಲಿನ ಮೆಟ್ಟಿಲಿನ ರೋಗ ಕಾಣಿಸಿಕೊಂಡರೆ ಪಶುಗಳ ಸಾಗಾಟ ತಡೆಯಲು, ಅಗತ್ಯ ಬಿದ್ದರೆ ವಧಿಸಲು ಆಡಳಿತಕ್ಕೆ ಅಧಿಕಾರವಿದೆ. ಹಾಗೆ ವಧಿಸಿದಾಗ ಮಾಲೀಕನಿಗೆ ಪರಿಹಾರ ಕೊಡುವ ಹೊಣೆಯೂ ಇದೆ. ಕೆಳಗಿನ ಮೆಟ್ಟಿಲಿನ ರೋಗವನ್ನು ಪಶುವೈದ್ಯರು ವರದಿ ಮಾಡಬೇಕು, ಅಷ್ಟೆ. ವಧೆಯ ಆಜ್ಞೆಯೂ ಇಲ್ಲ, ಅದರ ಬೆನ್ನಿಗೆ ಬರುವ ಪರಿಹಾರವೂ ಇಲ್ಲ. ಹೀಗಾಗಿ ಒಂದು ರೋಗ ಯಾವ ಮೆಟ್ಟಿಲಿನಲ್ಲಿದೆ ಎಂಬುದು ರೈತನ ಪಾಲಿಗೆ ಅನ್ನದ ಪ್ರಶ್ನೆ.

ಇಂಥ ವರ್ಗೀಕರಣ ಜಪಾನಿಗೆ ಮಾತ್ರ ಸೀಮಿತವಲ್ಲ. ವಿಶ್ವ ಪಶು ಆರೋಗ್ಯ ಸಂಸ್ಥೆಯು ಬಹುಕಾಲ ರೋಗಗಳನ್ನು ‘ಎ’ ಮತ್ತು ‘ಬಿ’ ಎಂಬ ಎರಡು ಪಟ್ಟಿಗಳಲ್ಲಿ ಇರಿಸಿ, ಅನಂತರ ಒಂದೇ ಪಟ್ಟಿಗೆ ಬಂದಿತು. ಯುರೋಪಿನ ಒಕ್ಕೂಟ 2016ರ ಪಶು ಆರೋಗ್ಯ ಕಾಯಿದೆಯ ಅಡಿಯಲ್ಲಿ ಐದು ವರ್ಗಗಳನ್ನು ಮಾಡಿಕೊಂಡಿದೆ. ಎಲ್ಲೆಡೆಯೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ: ರೋಗ ಎಷ್ಟು ಬೇಗ ಹರಡುತ್ತದೆ? ಮನುಷ್ಯರಿಗೆ ಅಂಟುತ್ತದೆಯೆ? ವ್ಯಾಪಾರಕ್ಕೆ ಎಷ್ಟು ಪೆಟ್ಟು? ಪರೀಕ್ಷೆ, ಲಸಿಕೆ ಮುಂತಾದ ಸಾಧನಗಳು ಕೈಯಲ್ಲಿವೆಯೆ? ಕೊನೆಯ ಪ್ರಶ್ನೆ ಸಂಶೋಧನೆಯನ್ನೂ ನಿಯಂತ್ರಣವನ್ನೂ ಬೇರ್ಪಡಿಸುತ್ತದೆ. ಸಾಧನವಿರುವ ರೋಗಕ್ಕೆ ಬೇಕಾದದ್ದು ಸಂಘಟನೆ ಮತ್ತು ಹಣ. ಸಾಧನವಿಲ್ಲದ ರೋಗಕ್ಕೆ ಬೇಕಾದದ್ದು ಪ್ರಯೋಗಾಲಯ ಮತ್ತು ತಾಳ್ಮೆ.

ರಿಂಡರ್‌ಪೆಸ್ಟ್ ಈ ಎರಡೂ ಹಂತಗಳನ್ನು ದಾಟಿದ ರೋಗ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕಾಕಿಝಾಕಿ ಚಿಹಾರು ಅದಕ್ಕೆ ನಿಷ್ಕ್ರಿಯ ಲಸಿಕೆಯನ್ನು ರೂಪಿಸಿದರು. 1930ರ ದಶಕದಲ್ಲಿ ನಾಕಾಮುರಾ ಜುಂಜಿ ವೈರಾಣುವನ್ನು ಮೊಲಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಕಸುವು ಕುಗ್ಗಿಸಿದ ಲಸಿಕೆ ಏಷ್ಯಾದ ಅನೇಕ ದೇಶಗಳಿಗೆ ಹೋಯಿತು. ಇಂದು ಟೋಕಿಯೊ ಬಳಿಯ ಕೊದೈರಾದಲ್ಲಿರುವ ಸರಕಾರಿ ಪ್ರಯೋಗಾಲಯವು ಈ ವೈರಾಣುವನ್ನು ಭದ್ರವಾಗಿ ಕಾಪಿಡಲು ಅಂತರರಾಷ್ಟ್ರೀಯ ಅನುಮತಿ ಪಡೆದ ಕೆಲವೇ ತಾಣಗಳಲ್ಲಿ ಒಂದು. ರೋಗ ಅಳಿದರೂ ಅದರ ಬೀಜ ಶೀತಕದಲ್ಲಿ ಉಳಿದಿದೆ. ಲಸಿಕೆಯ ರಕ್ಷಣೆಯಿಲ್ಲದ ಇಂದಿನ ದನಗಳ ನಡುವೆ ಅದು ಹೊರಬಿದ್ದರೆ ಆಗುವ ಹಾನಿಗೆ ಎಣೆಯಿಲ್ಲ. ಪಟ್ಟಿಯ ಮೊದಲ ಹೆಸರು ಮರೆವಿನ ಫಲವಲ್ಲ.

ಮೂವತ್ತಾರು ದನಗಳು

2001ರ ಸೆಪ್ಟೆಂಬರ್ 10ರಂದು ಚಿಬಾ ಪ್ರಾಂತದ ಒಂದು ಹಸುವಿನಲ್ಲಿ ಹುಚ್ಚು ಹಸು ರೋಗದ ಶಂಕೆಯನ್ನು ಸರಕಾರ ಪ್ರಕಟಿಸಿತು. ಮಾಂಸದ ಮಾರುಕಟ್ಟೆ ಕುಸಿಯಿತು. ಅದೇ ಅಕ್ಟೋಬರ್ 18ರಿಂದ ಕಸಾಯಿಖಾನೆಗೆ ಬರುವ ಪ್ರತಿಯೊಂದು ದನವನ್ನೂ, ವಯಸ್ಸು ಎಷ್ಟೇ ಇರಲಿ, ಪರೀಕ್ಷಿಸುವ ಕ್ರಮ ಆರಂಭವಾಯಿತು. ವರ್ಷಕ್ಕೆ ಹನ್ನೆರಡು ಲಕ್ಷದಷ್ಟು ಪರೀಕ್ಷೆಗಳು. ಎಳೆಯ ದನಗಳಲ್ಲಿ ರೋಗವಿದ್ದರೂ ಪರೀಕ್ಷೆಗೆ ಸಿಗುವುದು ದುರ್ಲಭವೆಂದು ವಿಜ್ಞಾನಿಗಳು ಹೇಳುತ್ತಿದ್ದರು. 2003ರಲ್ಲಿ ಸ್ಥಾಪನೆಗೊಂಡ ಆಹಾರ ಸುರಕ್ಷತಾ ಆಯೋಗದ ವಿಮರ್ಶೆಯ ಬಳಿಕ 2005ರಲ್ಲಿ 20 ತಿಂಗಳವರೆಗಿನ ದನಗಳಿಗೆ ರಾಷ್ಟ್ರೀಯ ನಿಯಮ ವಿನಾಯಿತಿ ಕೊಟ್ಟಿತು. ಆದರೂ ಗ್ರಾಹಕರ ಭಯಕ್ಕೆ ಮಣಿದ ಪ್ರಾಂತಗಳು 2013ರವರೆಗೆ ಎಲ್ಲ ದನಗಳ ಪರೀಕ್ಷೆಯನ್ನು ಮುಂದುವರಿಸಿದವು. ಆರೋಗ್ಯವಂತ ದನಗಳ ಪರೀಕ್ಷೆ ನಿಂತದ್ದು 2017ರಲ್ಲಿ. ಜಪಾನಿನಲ್ಲಿ ಒಟ್ಟು ಪತ್ತೆಯಾದ ರೋಗಪೀಡಿತ ದನಗಳು 36.

ಇದನ್ನು ವ್ಯರ್ಥ ಖರ್ಚೆಂದು ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ. ಅಂದು ಜನ ಕಳೆದುಕೊಂಡಿದ್ದು ಆಡಳಿತದ ಮೇಲಿನ ನಂಬಿಕೆಯನ್ನು; ಆ ನಂಬಿಕೆ ಮರಳದೆ ಪಶುಪಾಲಕರ ಬದುಕು ಮರಳುತ್ತಿರಲಿಲ್ಲ. ಆದರೆ ಭಯದ ಉಬ್ಬರದಲ್ಲಿ ಮೇಲೇರಿದ ಆದ್ಯತೆ ಭಯ ಇಳಿದ ಮೇಲೂ ಕೆಳಗಿಳಿಯಲು ಹತ್ತಾರು ವರ್ಷ ಹಿಡಿಯಿತೆಂಬುದನ್ನು ಗಮನಿಸಬೇಕು.

ಮಿಯಾಝಾಕಿಯ ಪಾಠ

ಕಾಲುಬಾಯಿ ಜ್ವರ ಜಪಾನಿಗೆ 92 ವರ್ಷಗಳ ಬಳಿಕ 2000ದಲ್ಲಿ ಮರಳಿತು. ಬೇಗ ಪತ್ತೆಯಾದ ಕಾರಣ ಮಿಯಾಝಾಕಿ ಮತ್ತು ಹೊಕ್ಕೈಡೊ ಎರಡರಲ್ಲಿ ಸೇರಿ 740 ದನಗಳ ವಧೆಯೊಂದಿಗೆ ಅದು ಮುಗಿಯಿತು. ಹತ್ತು ವರ್ಷಗಳ ನಂತರ ಅದೇ ಮಿಯಾಝಾಕಿಯಲ್ಲಿ ಹಾಗಾಗಲಿಲ್ಲ. 2010ರ ಏಪ್ರಿಲ್ 20ರಂದು ಮೊದಲ ಪ್ರಕರಣ ದೃಢಪಟ್ಟಿತು. ತ್ಸುನೊ ಪಟ್ಟಣದ ಎಮ್ಮೆಗಳ ಫಾರ್ಮ್ ಒಂದರಿಂದ ಮಾರ್ಚ್ ಕೊನೆಯಲ್ಲಿಯೇ ತೆಗೆದಿರಿಸಿದ್ದ ಮಾದರಿಯಲ್ಲಿ ವೈರಾಣು ಇದ್ದದ್ದು ಆಮೇಲೆ ತಿಳಿಯಿತು. ಕವಾಮಿನಾಮಿ ಸುತ್ತಮುತ್ತಲ ಹಂದಿ ಫಾರ್ಮ್‌ಗಳಿಗೆ ಹೊಕ್ಕ ಮೇಲಂತೂ ಅದನ್ನು ಹಿಡಿಯುವವರಿರಲಿಲ್ಲ. ಕೊನೆಗೆ ಹರಡುವಿಕೆಯನ್ನು ನಿಧಾನಗೊಳಿಸಲು ಆರೋಗ್ಯವಂತ ಪಶುಗಳಿಗೂ ಲಸಿಕೆ ಹಾಕಿ, ಬಳಿಕ ಅವನ್ನೂ ವಧಿಸಲು ತೀರ್ಮಾನಿಸಲಾಯಿತು. ಹಾಗೆ ಮಾಡಲು ಇದ್ದ ಕಾಯಿದೆಯಲ್ಲಿ ಅವಕಾಶವೇ ಇರಲಿಲ್ಲವಾದ್ದರಿಂದ ವಿಶೇಷ ಕಾನೂನನ್ನೇ ತರಬೇಕಾಯಿತು. 292 ಫಾರ್ಮ್‌ಗಳಲ್ಲಿ ರೋಗ ಕಂಡಿತು. ಲಸಿಕೆ ಪಡೆದವೂ ಸೇರಿ ಸುಮಾರು 2,97,000 ದನ ಮತ್ತು ಹಂದಿಗಳು ಮಣ್ಣು ಸೇರಿದವು. ಪ್ರಾಂತದ ಹೆಮ್ಮೆಯಾಗಿದ್ದ 55 ಬೀಜದ ಹೋರಿಗಳಲ್ಲಿ ಉಳಿದವು ಐದು.

ಈ ರೋಗದಿಂದ ಸಾಯುವ ಪ್ರೌಢ ದನಗಳು ಕಡಿಮೆ. ಹಾಗಿದ್ದರೂ ಇಷ್ಟು ಕಠೋರ ಕ್ರಮ ಏಕೆ? ಲಸಿಕೆಯಿಲ್ಲದೆ ರೋಗಮುಕ್ತವೆಂಬ ಅಂತರರಾಷ್ಟ್ರೀಯ ಮನ್ನಣೆ ಮಾಂಸದ ರಫ್ತಿಗೆ ಕೀಲಿಕೈ. ಅದನ್ನು ಜಪಾನ್ 2011ರ ಫೆಬ್ರುವರಿಯಲ್ಲಿ ಮರಳಿ ಪಡೆಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯಿದೆ, ಮುನ್ನೆಚ್ಚರಿಕೆಯ ವಧೆಗೆ ಅವಕಾಶ ನೀಡಿ, ವಧಿಸಿದ ಪಶುವಿಗೆ ಅದರ ಪೂರ್ಣ ಬೆಲೆ ಕೊಡುವ ವ್ಯವಸ್ಥೆ ಮಾಡಿತು; ತಡವಾಗಿ ವರದಿ ಮಾಡಿದವರಿಗೆ ಕಡಿತವನ್ನೂ ಇಟ್ಟಿತು. ನನ್ನ ದೃಷ್ಟಿಯಲ್ಲಿ ಮಿಯಾಝಾಕಿಯ ನಿಜವಾದ ಪಾಠ ಇದು. ರೈತ ಫೋನ್ ಎತ್ತಿ ‘ನನ್ನ ಕೊಟ್ಟಿಗೆಯಲ್ಲಿ ಏನೋ ಆಗಿದೆ’ ಎಂದು ಹೇಳುವ ಆ ಒಂದು ದಿನದ ಮೇಲೆ ಇಡೀ ದೇಶದ ನಿಯಂತ್ರಣ ನಿಂತಿದೆ. ಹಾಗೆ ಹೇಳಿದವನು ದಿವಾಳಿಯಾಗುವಂತಿದ್ದರೆ ಎಷ್ಟೇ ಎತ್ತರದ ಆದ್ಯತೆಯೂ ಕಾಗದದ ಮೇಲೆಯೇ ಉಳಿಯುತ್ತದೆ.

ಇನ್ನೂ ಬಾರದ ರೋಗಕ್ಕೂ ಇದೇ ಕಾರಣದಿಂದ ಕಾವಲಿದೆ. ಆಫ್ರಿಕನ್ ಹಂದಿಜ್ವರ 2018ರಲ್ಲಿ ಚೀನಾವನ್ನೂ 2019ರಲ್ಲಿ ದಕ್ಷಿಣ ಕೊರಿಯಾವನ್ನೂ ಹೊಕ್ಕಿತು. ಚೀನಾದಿಂದ ಬಂದ ಪ್ರಯಾಣಿಕರು ತಂದಿದ್ದ ಸಾಸೇಜಿನಲ್ಲಿ ಜೀವಂತ ವೈರಾಣು ಪತ್ತೆಯಾಗಿತ್ತು. 2020ರ ತಿದ್ದುಪಡಿಯಂತೆ ಮಾಂಸದ ಪದಾರ್ಥಗಳನ್ನು ಅಕ್ರಮವಾಗಿ ತರುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 30 ಲಕ್ಷ ಯೆನ್‌ವರೆಗೆ ದಂಡವಿದೆ. ಊರಿನಿಂದ ಬರುವ ಚೀಲದಲ್ಲಿ ಒಣಮಾಂಸವನ್ನೋ ಮಾಂಸದ ಉಪ್ಪಿನಕಾಯಿಯನ್ನೋ ಇಟ್ಟುಕೊಳ್ಳುವ ನಮ್ಮವರೂ ಇದನ್ನು ತಿಳಿದಿರಬೇಕು.

ಸದ್ದಿಲ್ಲದ ರೋಗ

ಈಗ ಕೆಳಗಿನ ಮೆಟ್ಟಿಲಿಗೆ ಬರೋಣ. ದನಗಳ ಲ್ಯುಕೋಸಿಸ್ ಎಂಬುದು ವೈರಾಣುವಿನಿಂದ ಬರುವ ರಕ್ತದ ಕ್ಯಾನ್ಸರ್. ಸೋಂಕಿದ ಹಸುಗಳಲ್ಲಿ ಬಹುಪಾಲು ಯಾವ ಲಕ್ಷಣವನ್ನೂ ತೋರುವುದಿಲ್ಲ. ನೂರರಲ್ಲಿ ಕೆಲವಕ್ಕೆ ಮಾತ್ರ ವರ್ಷಗಳ ನಂತರ ಗೆಡ್ಡೆ ಬೆಳೆಯುತ್ತದೆ. ರಕ್ತ ಹೀರುವ ನೊಣ, ಬದಲಿಸದ ಸೂಜಿ, ತಾಯಿಯ ಹಾಲು ಇವುಗಳ ಮೂಲಕ ಹರಡುತ್ತದೆ. ಔಷಧವಿಲ್ಲ, ಬಳಕೆಯಲ್ಲಿರುವ ಲಸಿಕೆಯೂ ಇಲ್ಲ. 1998ರಲ್ಲಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿದಾಗ ವರ್ಷದ ಪ್ರಕರಣಗಳು ನೂರರ ಆಸುಪಾಸಿನಲ್ಲಿದ್ದವು. 2019ರ ಹೊತ್ತಿಗೆ ನಾಲ್ಕು ಸಾವಿರ ದಾಟಿದವು. 2009ರಿಂದ 2011ರ ನಡುವೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಾಲಿನ ಹಸುಗಳಲ್ಲಿ ಶೇ. 40ರಷ್ಟು ಸೋಂಕಿನ ಗುರುತು ಹೊತ್ತಿದ್ದವು.

ಯುರೋಪಿನ ಹಲವು ದೇಶಗಳು ಸೋಂಕು ವಿರಳವಾಗಿದ್ದಾಗಲೇ ಪರೀಕ್ಷಿಸಿ, ಸೋಂಕಿದವನ್ನು ತೆಗೆದು ಈ ರೋಗವನ್ನು ಇಲ್ಲವಾಗಿಸಿದವು. ಜಪಾನ್ ಇಂದು ಅದನ್ನು ಮಾಡಹೊರಟರೆ ಹೈನುಗಾರಿಕೆಯ ದೊಡ್ಡ ಪಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ. 2015ರಲ್ಲಿ ಬಂದ ಮಾರ್ಗದರ್ಶಿ ಸೂತ್ರಗಳು ಸೋಂಕಿದ ಹಸುಗಳನ್ನು ಪ್ರತ್ಯೇಕವಾಗಿ ಕಟ್ಟಿ, ನೊಣಗಳನ್ನು ತಡೆದು, ಸೂಜಿ ಬದಲಿಸುವಂತೆ ಸಲಹೆ ಮಾಡುತ್ತವೆ. ಕಸಾಯಿಖಾನೆಯಲ್ಲಿ ಗೆಡ್ಡೆ ಕಂಡುಬಂದರೆ ಇಡೀ ದೇಹ ತ್ಯಾಜ್ಯ. ಮೇಲಿನ ಮೆಟ್ಟಿಲಿನ ರೋಗಗಳಿಗೆ ಇರುವ ಪರಿಹಾರ ಇಲ್ಲಿ ಇಲ್ಲ. ವರ್ಷಗಟ್ಟಲೆ ಸಾಕಿದ ಪಶುವಿನ ನಷ್ಟ ಸಾಕಿದವನದೇ. 36 ದನಗಳ ರೋಗಕ್ಕೆ ದೇಶವೇ ಎದ್ದು ನಿಂತಿತು. ವರ್ಷಕ್ಕೆ ನಾಲ್ಕು ಸಾವಿರ ದನಗಳ ರೋಗವನ್ನು ರೈತರು ಒಬ್ಬೊಬ್ಬರಾಗಿ ಹೊತ್ತಿದ್ದಾರೆ. ಇದು ಮನುಷ್ಯರಿಗೆ ಅಂಟುತ್ತದೆಂಬುದಕ್ಕೆ ಆಧಾರವಿಲ್ಲದಿರುವುದು, ವ್ಯಾಪಾರವನ್ನು ತಡೆಯದಿರುವುದು ಈ ಅಂತರಕ್ಕೆ ಕಾರಣ. ಕಾರಣ ಸರಿಯೇ. ಆದರೆ ನಿಧಾನವಾಗಿ ಹರಡುವ ರೋಗಕ್ಕೆ ಆದ್ಯತೆ ಸಲ್ಲಬೇಕಾದ ಕಾಲ ಸಂಖ್ಯೆ ಚಿಕ್ಕದಾಗಿರುವಾಗ. ಸಂಖ್ಯೆ ದೊಡ್ಡದಾಗಿ ಗಮನ ಸೆಳೆಯುವ ಹೊತ್ತಿಗೆ ಸುಲಭದ ದಾರಿ ಮುಚ್ಚಿರುತ್ತದೆ.

ನಮ್ಮ ಕಡೆಗೆ ತಿರುಗಿದರೆ

ಜಪಾನಿನ ಪಟ್ಟಿಯನ್ನು ಹಾಗೆಯೇ ಕರ್ನಾಟಕಕ್ಕೆ ತಂದರೆ ಒಗ್ಗದು. ಕಾಲುಬಾಯಿ ಜ್ವರ ಎಲ್ಲೆಡೆ ಇರುವ, ಒಂದೆರಡು ಹಸುಗಳಿಂದ ಸಂಸಾರ ಸಾಗುವ ನಾಡಿನಲ್ಲಿ ಸಾಮೂಹಿಕ ವಧೆ ಅಸಾಧ್ಯ. 2019ರಲ್ಲಿ ಭಾರತ ಸರಕಾರ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮ ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ಎರಡನ್ನು ಆರಿಸಿಕೊಂಡು, ಐದು ವರ್ಷಗಳಿಗೆ 13,343 ಕೋಟಿ ರೂಪಾಯಿಯನ್ನು ಲಸಿಕೆಯ ದಾರಿಗೆ ಮೀಸಲಿಟ್ಟಿತು. ಯಾವ ಜಿಲ್ಲೆಯಲ್ಲಿ ಯಾವ ರೋಗ ತಲೆಯೆತ್ತಬಹುದೆಂದು ಮುಂಚಿತವಾಗಿ ಅಂದಾಜಿಸುವ ಕೆಲಸವನ್ನು ಬೆಂಗಳೂರಿನ ಯಲಹಂಕದ ‘ನಿವೇದಿ’ ಸಂಸ್ಥೆ ಮಾಡುತ್ತಿದೆ. ಚರ್ಮಗಂಟು ರೋಗ 2019ರಲ್ಲಿ ಭಾರತಕ್ಕೆ ಬಂದು 2022ರಲ್ಲಿ ಲಕ್ಷಕ್ಕೂ ಹೆಚ್ಚು ದನಗಳನ್ನು ಬಲಿ ತೆಗೆದುಕೊಂಡಿತು. 2024ರ ನವೆಂಬರಿನಲ್ಲಿ ಅದು ಜಪಾನಿನ ಫುಕುಒಕಾದಲ್ಲಿಯೂ ಕಾಣಿಸಿತು. ಎರಡು ನಾಡುಗಳ ಪಟ್ಟಿಗಳು ಬೇರೆಯಾದರೂ ರೋಗಗಳ ದಾರಿ ಒಂದೇ.

ಸದ್ದಿಲ್ಲದ ರೋಗದ ಕಥೆ ನಮ್ಮಲ್ಲಿಯೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕಾಡಂಚಿನ ಬಡವರದು; ಅದಕ್ಕೆ ಮಾರುಕಟ್ಟೆಯೂ ಇಲ್ಲ, ರಫ್ತಿನ ಒತ್ತಡವೂ ಇಲ್ಲ. ಹಳೆಯ ಲಸಿಕೆಯ ಫಲ ಸಾಲದೆಂದು ಅದನ್ನು 2022ರಲ್ಲಿ ಕೈಬಿಟ್ಟಾಗ ಅದರ ಜಾಗಕ್ಕೆ ಬರಲು ಹೊಸತು ಸಿದ್ಧವಿರಲಿಲ್ಲ. ಆದ್ದರಿಂದ ಇಂಥ ಯಾವುದೇ ಪಟ್ಟಿಯನ್ನು ಓದುವಾಗ ನಾನು ಈಗ ಮೊದಲ ಹೆಸರಿನಷ್ಟೇ ಗಮನವನ್ನು ಕೊನೆಯ ಹೆಸರುಗಳಿಗೂ ಕೊಡುತ್ತೇನೆ. ಅಲ್ಲಿರುವ ಪ್ರತಿಯೊಂದು ರೋಗದ ಬಗೆಗೂ ಕೇಳಬೇಕಾದ ಪ್ರಶ್ನೆಗಳು ಎರಡು: ಇಂದು ಇದರ ನಷ್ಟವನ್ನು ಹೊರುತ್ತಿರುವವರು ಯಾರು, ಮತ್ತು ಹತ್ತು ವರ್ಷ ಕಾದರೆ ಇದನ್ನು ತಡೆಯುವ ದಾರಿ ತೆರೆದೇ ಇರುತ್ತದೆಯೆ?