ಇಬ್ಬರು ಬಹದ್ದೂರ್

ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಇಬ್ಬರು ಬಹದ್ದೂರ್ ಇದ್ದರು. ಹಗಲು ಪಾಳಿಗೆ ಒಬ್ಬ, ರಾತ್ರಿ ಪಾಳಿಗೆ ಒಬ್ಬ. ಒಂದು ಬೆಳಗ್ಗೆ ಗ್ಯಾಸ್ ಸಿಲಿಂಡರಿಗೆ ಅಂತ ದುಡ್ಡು ಕೊಟ್ಟು ಆಫೀಸಿಗೆ ಹೋದೆ. ರಾತ್ರಿ ಹತ್ತಕ್ಕೆ ಬಂದು, 'ಸಿಲಿಂಡರೂ ಬಂದಿಲ್ಲ, ದುಡ್ಡೆಲ್ಲಯ್ಯಾ?' ಅಂತ ಜೋರು ಮಾಡಿದೆ. 'ನನಗೆ ಕೊಟ್ಟಿಲ್ಲ ಸಾರ್' ಅಂದ. ನನಗೆ ಇನ್ನೂ ಸಿಟ್ಟು ಬಂತು. ಸುತ್ತ ನಾಲ್ಕು ಜನ ಸೇರಿದರು. ಮರುದಿನ ಬೆಳಗ್ಗೆ ಇನ್ನೊಬ್ಬ ಬಂದು, ಸಿಲಿಂಡರ್ ಬರಲಿಲ್ಲ ಸಾರ್ ಅಂತ ದುಡ್ಡು ವಾಪಸ್ ಕೊಟ್ಟ. ಅವರಿಬ್ಬರೂ ಅವಳಿಗಳಲ್ಲ. ಒಬ್ಬ ಕುಳ್ಳ, ಇನ್ನೊಬ್ಬ ನನಗಿಂತ ಉದ್ದ.

ಷೇಕ್ಸ್‌ಪಿಯರ್‌ನ 'ಕಾಮಿಡಿ ಆಫ್ ಎರರ್ಸ್' ನಾಟಕದ ಮೊದಲ ಎಡವಟ್ಟೂ ಇದೇ. ಯಜಮಾನ ಒಬ್ಬ ಆಳಿಗೆ ದುಡ್ಡು ಕೊಡ್ತಾನೆ, ಸ್ವಲ್ಪ ಹೊತ್ತಿಗೆ ಅವನ ಅವಳಿಯನ್ನ ಹಿಡಿದು ದುಡ್ಡೆಲ್ಲಿ ಅಂತ ಕೇಳ್ತಾನೆ. ಪಾಪ, ಅವನಿಗೆ ತಲೆಬುಡ ಗೊತ್ತಿಲ್ಲ. ನಿಜ ಹೇಳಿದ್ದಕ್ಕೆ ಏಟು ಬೀಳತ್ತೆ.

ಕಥೆ ನಿಮಗೆ ಗೊತ್ತಿರತ್ತೆ. ಯಜಮಾನರು ಅವಳಿ, ಆಳುಗಳೂ ಅವಳಿ. ಚಿಕ್ಕಂದಿನಲ್ಲಿ ಹಡಗು ಒಡೆದು ಬೇರೆಯಾದವರು ಒಂದೇ ದಿನ ಒಂದೇ ಊರಲ್ಲಿ ಓಡಾಡ್ತಾರೆ. ಇದರಲ್ಲಿ ಒಂದು ಬಗ್ ಇದೆ. ಮಕ್ಕಳನ್ನ ಹೆಸರಿನಿಂದ ಮಾತ್ರ ಗುರುತಿಸಬಹುದಿತ್ತು ಅಂತ ಮೊದಲ ದೃಶ್ಯದಲ್ಲೇ ಅಪ್ಪ ಹೇಳ್ತಾನೆ. ಮುಂದೆ ನೋಡಿದರೆ ಇಬ್ಬರ ಹೆಸರೂ ಒಂದೇ! ನಮ್ಮ ಕೋಡ್ ರಿವ್ಯೂನಲ್ಲಿ ಇದು ಪಾಸಾಗ್ತಿರಲಿಲ್ಲ.

ಷೇಕ್ಸ್‌ಪಿಯರ್ ಕಥೆ ಎತ್ತಿದ್ದು ರೋಮಿನ ಪ್ಲಾಟಸ್‌ನಿಂದ. ಪ್ಲಾಟಸ್‌ನಲ್ಲಿ ಈ ಬಗ್ ಇಲ್ಲ. ಒಬ್ಬ ಮೊಮ್ಮಗ ಕಳೆದುಹೋದ ದುಃಖಕ್ಕೆ ತಾತ ಉಳಿದವನಿಗೆ ಅದೇ ಹೆಸರು ಇಡ್ತಾನೆ. ಅಲ್ಲಿ ಆಳುಗಳ ಅವಳಿಯೂ ಇಲ್ಲ. ಮೆಸ್ಸೇನಿಯೋ ಅಂತ ಒಬ್ಬನೇ ಗುಲಾಮ. ಇವರಿಬ್ಬರೂ ಅಣ್ಣತಮ್ಮಂದಿರು ಅಂತ ಕೊನೆಗೆ ಕಂಡುಹಿಡಿಯೋದೂ ಅವನೇ. ಅದಕ್ಕೆ ಬಹುಮಾನವಾಗಿ ಬಿಡುಗಡೆ ಸಿಗತ್ತೆ. ಷೇಕ್ಸ್‌ಪಿಯರ್ ಆಳನ್ನ ಇಬ್ಬರು ಮಾಡಿದ, ಏಟನ್ನೂ ಹೆಚ್ಚು ಮಾಡಿದ, ಬಿಡುಗಡೆ ಮಾತ್ರ ಕೊಡಲಿಲ್ಲ. ಅವನ ಡ್ರೋಮಿಯೋಗಳು ಬಡ ಅಪ್ಪಅಮ್ಮನಿಂದ ಕೊಂಡು ತಂದ ಮಕ್ಕಳು. 1594ರ ಡಿಸೆಂಬರ್ 28ರ ರಾತ್ರಿ ಲಂಡನ್ನಿನ ಗ್ರೇಸ್ ಇನ್ನಿನಲ್ಲಿ ವಕೀಲರ ಮುಂದೆ ಈ ನಾಟಕ ಆಡಿದ್ದಕ್ಕೆ ದಾಖಲೆ ಇದೆ. ಅವತ್ತು ಅಲ್ಲಿ ಎಷ್ಟು ಗಲಾಟೆ ಆಯ್ತು ಅಂದರೆ, ಆ ರಾತ್ರಿಗೇ 'ಎಡವಟ್ಟುಗಳ ರಾತ್ರಿ' ಅಂತ ಹೆಸರು ಬಿತ್ತು.

ನಮ್ಮ ದೇಶಕ್ಕೆ ಇದು ಮೇಷ್ಟ್ರುಗಳ ಕೈಯಲ್ಲಿ ಬಂತು. 1869ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಬಂಗಾಳಿಯಲ್ಲಿ 'ಭ್ರಾಂತಿ ವಿಲಾಸ' ಅಂತ ಗದ್ಯದಲ್ಲಿ ಬರೆದರು. ಎರಡೇ ವರ್ಷಕ್ಕೆ, 1871ರಲ್ಲಿ, ಧಾರವಾಡ ಸೀಮೆಯ ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು 'ನಗದವರನ್ನು ನಗಿಸುವ ಕಥೆ' ಬರೆದರು. ಕನ್ನಡಕ್ಕೆ ಷೇಕ್ಸ್‌ಪಿಯರ್ ಮೊದಲು ಬಂದದ್ದು ಹ್ಯಾಮ್ಲೆಟ್ಟಾಗಿ ಅಲ್ಲ, ಈ ಹೆಸರಲ್ಲಿ. ನನಗೆ ಇದು ಬಹಳ ಖುಷಿಯ ವಿಷಯ.

ಸಿನಿಮಾಗಳ ಕಡೆ ಬರೋಣ. ಹಾಲಿವುಡ್ 1940ರಲ್ಲೇ 'ದಿ ಬಾಯ್ಸ್ ಫ್ರಂ ಸಿರಾಕ್ಯೂಸ್' ಮಾಡಿತ್ತು, ಅದು ಹಾಡು ಕುಣಿತದ ಬಾಬತ್ತು. ನಮ್ಮ ಸಾಲು ಶುರುವಾಗೋದು 1963ರ ಬಂಗಾಳಿ 'ಭ್ರಾಂತಿ ವಿಲಾಸ'ದಿಂದ. ಯಜಮಾನರಾಗಿ ಉತ್ತಮ್ ಕುಮಾರ್, ಆಳುಗಳಾಗಿ ಭಾನು ಬಂದೋಪಾಧ್ಯಾಯ. ಆಳಿನ ಹೆಸರು ವಿದ್ಯಾಸಾಗರರು ಇಟ್ಟದ್ದೇ: ಕಿಂಕರ. ಅಂದರೆ ಸೇವಕ. ಹೆಸರಲ್ಲೇ ಕೆಲಸ! 1968ರಲ್ಲಿ ಗುಲ್ಜಾರ್ ಬರೆದ ಹಿಂದಿ 'ದೋ ದೂನಿ ಚಾರ್' ಬಂತು, ಕಿಶೋರ್ ಕುಮಾರ್ ಇದ್ದೂ ಓಡಲಿಲ್ಲ. ಗುಲ್ಜಾರ್ ಬಿಡಲಿಲ್ಲ. 1982ರಲ್ಲಿ ತಾವೇ ನಿರ್ದೇಶಿಸಿ 'ಅಂಗೂರ್' ಮಾಡಿದರು. ಅಲ್ಲಿ ಇಬ್ಬರು ಸಂಜೀವ್ ಕುಮಾರ್, ಇಬ್ಬರು ದೇವೇನ್ ವರ್ಮಾ. ಆಳುಗಳ ಹೆಸರು ಬಹದ್ದೂರ್.

'ಅಂಗೂರ್' ನೋಡಿದ್ದು ಸಿಲಿಂಡರ್ ಪ್ರಕರಣದ ವಾರವೇ. ಸಿನಿಮಾ ಮುಗಿಸಿ ಕೆಳಗೆ ಹೋಗಿ ಸೆಕ್ಯುರಿಟಿ ರಿಜಿಸ್ಟರ್ ತೆಗೆದು ನೋಡಿದೆ. ನಮ್ಮ ಇಬ್ಬರ ಹೆಸರಲ್ಲೂ ಬಹದ್ದೂರ್ ಅನ್ನೋ ಪದವೇ ಇರಲಿಲ್ಲ.

ಗುಲ್ಜಾರರ ಜಾಣತನ ಎಲ್ಲಿದೆ ಅಂದರೆ, 'ಇಷ್ಟೆಲ್ಲ ಆದರೂ ಇವನಿಗೆ ಅವಳಿಯ ಅನುಮಾನ ಯಾಕೆ ಬರಲ್ಲ?' ಅನ್ನೋ ಪ್ರಶ್ನೆಗೆ ಉತ್ತರ ಹುಡುಕಿದ್ದರಲ್ಲಿ. ಷೇಕ್ಸ್‌ಪಿಯರ್‌ನಲ್ಲಿ ಊರೇ ಮಾಟಗಾರರದ್ದು ಅಂತ ಪರಊರಿನವನ ನಂಬಿಕೆ. 1982ರಲ್ಲಿ ಮಾಟ ನಡೆಯಲ್ಲ. ಹಾಗಾಗಿ ಗುಲ್ಜಾರರ ಅಶೋಕ್ ಪತ್ತೇದಾರಿ ಕಾದಂಬರಿಯ ಹುಚ್ಚ. ಕೈಯಲ್ಲಿ ದುಡ್ಡಿದೆ, ಸಿಕ್ಕವರೆಲ್ಲ ಹೆಸರು ಹಿಡಿದು ಕರೀತಾರೆ. ಸರಿ, ಇಡೀ ಊರೇ ಒಂದು ಗ್ಯಾಂಗ್ ಅಂತ ತೀರ್ಮಾನಿಸಿಬಿಡ್ತಾನೆ. ಈ ಭಯದಲ್ಲಿ ಅವನೂ ಅವನ ಬಹದ್ದೂರನೂ ಹೆಚ್ಚುಕಮ್ಮಿ ದೋಸ್ತುಗಳಾಗ್ತಾರೆ, ಪಕೋಡಕ್ಕೆ ಭಂಗಿ ಬೆರೆಸುವ ಸಂಚಿನಲ್ಲಿ ಇಬ್ಬರೂ ಪಾಲುದಾರರು. ಊರಿನ ಬಹದ್ದೂರನಿಗೆ ಹೆಂಡತಿ ಇದ್ದಾಳೆ, ಸಂಸಾರ ಇದೆ. ಮೂಲದಲ್ಲಿ ಅಡುಗೆಯವಳ ದಪ್ಪ ಮೈ ಮೇಲೆ ಭೂಪಟ ಬಿಡಿಸುವ ಒಂದು ಕೆಟ್ಟ ಜೋಕಿದೆ. ಗುಲ್ಜಾರ್ ಅದನ್ನ ಕೈಬಿಟ್ಟು ಅರುಣಾ ಇರಾನಿಗೆ ಒಂದು ನಿಜವಾದ ಪಾತ್ರ ಕೊಟ್ಟರು. ಆ ವರ್ಷದ ಹಾಸ್ಯನಟನ ಫಿಲ್ಮ್‌ಫೇರ್ ಬಂದದ್ದು ಬಹದ್ದೂರರಿಗೇ.

ಕನ್ನಡದಲ್ಲಿ 1997ರಲ್ಲಿ ಎನ್.ಎಸ್. ಶಂಕರ್ 'ಉಲ್ಟಾ ಪಲ್ಟಾ' ಮಾಡಿದರು, ರಮೇಶ್ ಅರವಿಂದ್ ಡಬಲ್ ರೋಲ್. ಚನ್ನಬಸಪ್ಪನವರ ಪುಸ್ತಕದಿಂದ ಇಲ್ಲಿಗೆ 126 ವರ್ಷ. 2022ರಲ್ಲಿ ರೋಹಿತ್ ಶೆಟ್ಟಿ 'ಸರ್ಕಸ್' ತಂದರು. ಒಂದು ಜೋಡಿ ಊಟಿಯದು, ಇನ್ನೊಂದು ನಮ್ಮ ಬೆಂಗಳೂರಿನದು. ಇಲ್ಲಿ ಹಡಗು ಒಡೆಯಲ್ಲ. ಒಬ್ಬ ಡಾಕ್ಟರು ಪ್ರಯೋಗ ಅಂತ ಬೇಕೆಂದೇ ಮಕ್ಕಳನ್ನ ಬೇರೆ ಮಾಡ್ತಾನೆ. ರಣವೀರ್ ಸಿಂಗ್, ವರುಣ್ ಶರ್ಮಾ ಯಜಮಾನ ಆಳು ಅಲ್ಲ, ಅಣ್ಣತಮ್ಮಂದಿರ ಹಾಗೆ ಬೆಳೆದವರು. ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಸಮಾನತೆಯ ಸಿನಿಮಾ. ಆದರೆ ನಗು ಬರಲ್ಲ, ಏನ್ಮಾಡೋದು. ಸೆಟ್ಟಿಗೆ ಬಳಿದ ಬಣ್ಣ ಕಣ್ಣು ಕುಕ್ಕತ್ತೆ ಅಷ್ಟೇ.

ಹಾಗಾದರೆ ಏಟು ಇದ್ದರೇನೇ ನಗುವಾ? ಈ ಪ್ರಶ್ನೆ ನನ್ನನ್ನ ಕಾಡತ್ತೆ. ನಮ್ಮೂರ ಜಾತ್ರೆಯ ಕಂಪನಿ ನಾಟಕದಲ್ಲೂ ಗೌಡನ ಕೈಲಿ ಒದೆ ತಿನ್ನೋ ಆಳಿನ ಪಾತ್ರಕ್ಕೇ ಶಿಳ್ಳೆ ಜಾಸ್ತಿ. ಮುಂದೆ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಗ್ತಿದ್ದವರು ನಮ್ಮ ಹೊಲಗಳಲ್ಲೇ ಆಳಾಗಿ ದುಡೀತಿದ್ದವರು. ನಾನೂ ನಗ್ತಿದ್ದೆ, ಹಿಂದೆ ಕುರ್ಚಿಯಲ್ಲಿ ಕೂತು. ಅವರು ನಕ್ಕದ್ದೂ ನಾನು ನಕ್ಕದ್ದೂ ಒಂದೇ ವಿಷಯಕ್ಕೆ ಅಂತ ಈಗ ಖಾತ್ರಿ ಇಲ್ಲ.

'ಅಂಗೂರ್' ಮುಗಿಯೋದು ಗೋಡೆ ಮೇಲಿನ ಷೇಕ್ಸ್‌ಪಿಯರ್ ಚಿತ್ರ ಕಣ್ಣು ಹೊಡೆಯೋದರಿಂದ. ಚೆನ್ನಾಗಿದೆ. ಆದರೆ ಮೂಲ ನಾಟಕದ ಕೊನೆಯಲ್ಲಿ ರಂಗದ ಮೇಲೆ ಉಳಿಯೋದು ಆಳುಗಳಿಬ್ಬರೇ. ಯಜಮಾನರೆಲ್ಲ ಔತಣಕ್ಕೆ ಒಳಗೆ ಹೋಗಿರ್ತಾರೆ. ದೊಡ್ಡವನು ಯಾರೋ ಅವನು ಮೊದಲು ನಡೆಯಬೇಕು ಅಂತ ಇಬ್ಬರೂ ಚರ್ಚೆ ಮಾಡ್ತಾರೆ. ಯಾರು ದೊಡ್ಡವನೋ ಅವರಿಗೂ ಗೊತ್ತಿಲ್ಲ. ಕೊನೆಗೆ ಇಬ್ಬರೂ ಕೈ ಕೈ ಹಿಡಿದು, ಒಬ್ಬರ ಹಿಂದೆ ಒಬ್ಬರು ಅಲ್ಲ, ಜೊತೆಗೇ ಒಳಗೆ ಹೋಗ್ತಾರೆ.