ಕಾಲೇಜು ಸಮವಸ್ತ್ರ: ಮೇಖಲೆಯಿಂದ ಪಿಯು ತರಗತಿಯವರೆಗೆ

ಕಾಲೇಜು ವಿದ್ಯಾರ್ಥಿಗಳಿಗೆ ಸಮವಸ್ತ್ರ ಕಡ್ಡಾಯವಾಗಬೇಕೇ ಎಂಬ ಚರ್ಚೆಯಲ್ಲಿ ಪರ ವಿರೋಧದ ಇಬ್ಬರೂ ಇತಿಹಾಸವನ್ನು ಸಾಕ್ಷಿಗೆ ಕರೆಯುವುದುಂಟು. 2022ರ ಮಾರ್ಚ್ 15ರಂದು ತರಗತಿಯಲ್ಲಿ ಹಿಜಾಬ್ ಧರಿಸುವ ಕುರಿತ ಪ್ರಕರಣದಲ್ಲಿ ತೀರ್ಪಿತ್ತ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ, ಸಮವಸ್ತ್ರದ ಕಲ್ಪನೆ ಮೊಗಲರೋ ಬ್ರಿಟಿಷರೋ ತಂದದ್ದಲ್ಲ, ಗುರುಕುಲಗಳ ಕಾಲದಿಂದಲೇ ಇದ್ದದ್ದು ಎಂದಿತು. ಗುರುಕುಲದ ವಿದ್ಯಾರ್ಥಿಗೆ ನಿಯಮದ ಉಡುಪು ಇದ್ದದ್ದು ದಿಟ. ಆದರೆ ಆ ನಿಯಮ ಏನು ಹೇಳುತ್ತಿತ್ತು ಎಂಬುದನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ.

ಉಪನಯನವಾಗಿ ಗುರುವಿನ ಮನೆ ಸೇರುವ ಬ್ರಹ್ಮಚಾರಿಯ ವೇಷವನ್ನು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿವರವಾಗಿ ಹೇಳುತ್ತದೆ. ಮೇಲುಹೊದಿಕೆಯಾದ ಅಜಿನ, ಅಂದರೆ ಪ್ರಾಣಿಯ ಚರ್ಮ, ಬ್ರಾಹ್ಮಣ ವಟುವಿಗೆ ಕೃಷ್ಣಮೃಗದ್ದು, ಕ್ಷತ್ರಿಯನಿಗೆ ರುರು ಎಂಬ ಜಿಂಕೆಯದು, ವೈಶ್ಯನಿಗೆ ಹೋತದ್ದು. ಸೊಂಟಕ್ಕೆ ಕಟ್ಟುವ ಮೇಖಲೆ ಮೊದಲನೆಯವನಿಗೆ ಮುಂಜ ಹುಲ್ಲಿನದಾದರೆ ಎರಡನೆಯವನಿಗೆ ಬಿಲ್ಲಿನ ಹೆದೆಯಂತೆ ಹೊಸೆದ ಮೂರ್ವೆಯ ನಾರಿನದು, ಮೂರನೆಯವನಿಗೆ ಸೆಣಬಿನದು. ಕೈಯಲ್ಲಿನ ದಂಡದ ಉದ್ದಕ್ಕೂ ಅಳತೆ ಉಂಟು: ಬ್ರಾಹ್ಮಣನದು ತಲೆಗೂದಲ ಮಟ್ಟಕ್ಕೆ, ಕ್ಷತ್ರಿಯನದು ಹಣೆಯ ಮಟ್ಟಕ್ಕೆ, ವೈಶ್ಯನದು ಮೂಗಿನ ಮಟ್ಟಕ್ಕೆ ಬರಬೇಕು. ಒಂದೇ ಗುರುವಿನ ಮುಂದೆ ಕುಳಿತ ಮೂವರಲ್ಲಿ ಯಾರು ಯಾವ ವರ್ಣದವರೆಂದು ಕಣ್ಣೋಟಕ್ಕೇ ತಿಳಿಯಲಿ ಎಂಬುದೇ ಈ ಉಡುಪಿನ ಉದ್ದೇಶ. ಶೂದ್ರನಿಗೆ ಅಲ್ಲಿ ಕೂರುವ ಅವಕಾಶವೇ ಇರಲಿಲ್ಲ. ಹುಟ್ಟಿನ ಗುರುತನ್ನು ಬದಿಗಿಟ್ಟು ಎಲ್ಲರೂ ಒಂದೇ ಬಣ್ಣದ ಬಟ್ಟೆ ಉಟ್ಟದ್ದನ್ನು ಪ್ರಾಚೀನ ಭಾರತದಲ್ಲಿ ಹುಡುಕಬೇಕಾದರೆ ಬೌದ್ಧ ವಿಹಾರಗಳ ಕಾಷಾಯದ ಕಡೆಗೆ ಹೋಗಬೇಕಾಗುತ್ತದೆ, ಅದೂ ಸಂಸಾರವನ್ನು ಬಿಟ್ಟು ಸಂಘವನ್ನು ಸೇರಿದವರ ಬಟ್ಟೆ.

ಯುರೋಪಿನ ವಿಶ್ವವಿದ್ಯಾಲಯಗಳ ಕಥೆಯೂ ಇದಕ್ಕೆ ಹತ್ತಿರದ್ದೇ. ಮಧ್ಯಯುಗದ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದವರನ್ನು ಚರ್ಚಿನ ಪರಿವಾರಕ್ಕೆ ಸೇರಿದವರೆಂದು ಪರಿಗಣಿಸಲಾಗುತ್ತಿತ್ತಾದ್ದರಿಂದ ಅವರು ಪಾದ್ರಿಗಳಂತೆ ಉದ್ದನೆಯ ನಿಲುವಂಗಿ ತೊಡುತ್ತಿದ್ದರು. ಇಂದಿನ ಘಟಿಕೋತ್ಸವದ ಕರಿ ಗೌನು ಅದರ ಸಂತಾನ. ಚರ್ಚಿನ ಹಿಡಿತ ಸಡಿಲಗೊಂಡ ಮೇಲೆ ಅದೇ ನಿಲುವಂಗಿ ಅಂತಸ್ತನ್ನು ಸಾರುವ ಫಲಕವಾಯಿತು. 18ನೇ ಶತಮಾನದ ಆಕ್ಸ್‌ಫರ್ಡಿನಲ್ಲಿ ಶ್ರೀಮಂತ ಮನೆತನದ ಕುಮಾರನ ಟೋಪಿಗೆ ಚಿನ್ನದ ಬಣ್ಣದ ಕುಚ್ಚು ಇರುತ್ತಿತ್ತು, ಶುಲ್ಕದ ರಿಯಾಯಿತಿಗಾಗಿ ಊಟದ ಮನೆಯಲ್ಲಿ ಬಡಿಸುವ ಕೆಲಸಕ್ಕೆ ನಿಲ್ಲುತ್ತಿದ್ದ ‘ಸರ್ವಿಟರ್’ ಎಂಬ ಬಡ ವಿದ್ಯಾರ್ಥಿಯ ಗೌನು ತೀರ ಸಾದಾ ಆಗಿರುತ್ತಿತ್ತು. ಕೇಂಬ್ರಿಜಿನಲ್ಲಿ ಇಂಥವರಿಗೆ ‘ಸೈಜರ್’ ಎಂಬ ಹೆಸರಿತ್ತು. 1661ರಲ್ಲಿ ಟ್ರಿನಿಟಿ ಕಾಲೇಜಿಗೆ ಸೇರಿದ ಐಸಾಕ್ ನ್ಯೂಟನ್ ಈ ವರ್ಗದ ವಿದ್ಯಾರ್ಥಿಯೇ. ಹುಟ್ಟಿನ ಮೇಲೆ ಗೌನು ಕೊಡುವ ಪದ್ಧತಿ 19ನೇ ಶತಮಾನ ಮುಗಿಯುವ ಮೊದಲೇ ಮಾಯವಾಯಿತು. ಶಾಲೆಯ ಮಟ್ಟದಲ್ಲಿ, 1552ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಕ್ರೈಸ್ಟ್ಸ್ ಹಾಸ್ಪಿಟಲ್‌ನ ಉದ್ದನೆಯ ನೀಲಿ ಕೋಟು ಮತ್ತು ಹಳದಿ ಕಾಲುಚೀಲ ಧರ್ಮದ ಅನ್ನ ತಿಂದು ಓದುವ ಅನಾಥ, ಬಡ ಮಕ್ಕಳ ಗುರುತಾಗಿದ್ದವು. ಸಿರಿವಂತರ ಶಾಲೆಗಳು ಏಕರೂಪದ ಉಡುಪನ್ನು ಹೆಮ್ಮೆಯ ಚಿಹ್ನೆಯಾಗಿ ಎತ್ತಿಕೊಂಡದ್ದು ಬಹಳ ಕಾಲದ ಮೇಲೆ. ಒಟ್ಟಿನಲ್ಲಿ ಬಡವ ಬಲ್ಲಿದರ ಭೇದ ಕಾಣಬಾರದೆಂಬ ಇಂದಿನ ಜನಪ್ರಿಯ ಸಮರ್ಥನೆ ಸಮವಸ್ತ್ರದ ಇತಿಹಾಸದಲ್ಲಿ ತೀರ ತಡವಾಗಿ ಬಂದ ಅತಿಥಿ.

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಇಂಗ್ಲೆಂಡಿನಿಂದ ಗೌನನ್ನು ತಂದುಕೊಂಡವಾದರೂ ಅದು ಪದವಿ ಪಡೆಯುವ ದಿನಕ್ಕಷ್ಟೇ ಮೀಸಲಾಯಿತು. ತರಗತಿಯಲ್ಲಿ ಕೂರುವವನು ಮನೆಯ ಉಡುಪಿನಲ್ಲೇ ಬರುತ್ತಿದ್ದ. ಹಳೆಯ ಮೈಸೂರಿನಲ್ಲಿ ಪಂಚೆ, ಮುಚ್ಚು ಕೋಟು, ರುಮಾಲುಗಳದು ಸಭ್ಯ ವೇಷವೆಂಬ ಸಾಮಾಜಿಕ ಒಪ್ಪಿಗೆಯೇ ಹೊರತು ಒಂದೇ ಥಾನಿನಿಂದ ಹರಿದ ಬಟ್ಟೆಯಲ್ಲ. ಉಡುಪನ್ನು ಒಂದು ನಿಲುವಾಗಿ ಕಾಲೇಜಿನೊಳಕ್ಕೆ ತಂದದ್ದು ಅಸಹಕಾರ ಚಳವಳಿ. 1920ರಲ್ಲಿ ಗಾಂಧೀಜಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠದಲ್ಲಿ ಖಾದಿ ಕಡ್ಡಾಯವಾಯಿತು. ಆದರೆ ಅಲ್ಲಿ ನಿಗದಿಯಾದದ್ದು ನೂಲು ಮತ್ತು ನೇಯ್ಗೆ ಮಾತ್ರ. ಮೇಲಾಗಿ ಸರಕಾರಿ ಕಾಲೇಜನ್ನು ಧಿಕ್ಕರಿಸಿ ಅಲ್ಲಿಗೆ ಸೇರಿದವನು ಆ ಬಟ್ಟೆಯನ್ನು ತಾನಾಗಿ ಆರಿಸಿಕೊಂಡವನಾಗಿದ್ದ.

ಸ್ವತಂತ್ರ ಭಾರತದ ಪದವಿ ವಿದ್ಯಾರ್ಥಿಗಳು ದೇಶದುದ್ದಕ್ಕೂ ಸರಕಾರದ ಆಜ್ಞೆಯಿಂದ ಸಮವಸ್ತ್ರ ತೊಟ್ಟ ಪ್ರಸಂಗ ಒಂದುಂಟು, ಅದನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. 1962ರ ಚೀನಾ ಯುದ್ಧದ ಆಘಾತದ ನಂತರ, 1948ರಿಂದ ಐಚ್ಛಿಕವಾಗಿದ್ದ ಎನ್‌ಸಿಸಿ, ಅಂದರೆ ರಾಷ್ಟ್ರೀಯ ಕೆಡೆಟ್ ದಳ, 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕಡ್ಡಾಯವಾಯಿತು. ವಾರದ ಕವಾಯತಿಗೆ ಖಾಕಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು, ಹಿತ್ತಾಳೆಯ ಬಕ್ಕಲನ್ನು ತಿಕ್ಕಿ ಹೊಳೆಯಿಸುವುದು ಓದಿನ ಭಾಗವೇ ಆದವು. ಕಡ್ಡಾಯದ ಆಯುಷ್ಯ ಮಾತ್ರ ಐದು ವರ್ಷ. ಅಷ್ಟೊಂದು ವಿದ್ಯಾರ್ಥಿಗಳಿಗೆ ಅಧಿಕಾರಿಗಳನ್ನೂ ಸಲಕರಣೆಯನ್ನೂ ಒದಗಿಸುವುದು ಕಷ್ಟವಾಯಿತು. ತಮಿಳುನಾಡಿನಲ್ಲಿ ಹಿಂದಿಯ ಕವಾಯತು ಆಜ್ಞೆಗಳೇ ವಿವಾದಕ್ಕೆ ಗುರಿಯಾದವು. 1968ರಲ್ಲಿ ಎನ್‌ಸಿಸಿ ಮತ್ತೆ ಐಚ್ಛಿಕವಾಯಿತು. ಮರುವರ್ಷ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಗೆ ಸಮವಸ್ತ್ರದ ಹಂಗಿರಲಿಲ್ಲ. ಇನ್ನು ಲೇತ್ ಯಂತ್ರದ ಮುಂದೆ ನಿಲ್ಲುವವನ ಖಾಕಿ ಅಂಗಿ ಮತ್ತು ವೈದ್ಯ ವಿದ್ಯಾರ್ಥಿಯ ಬಿಳಿ ಏಪ್ರನ್ ಬೇರೆಯೇ ಜಾತಿಯವು. ತೋಳು ಯಂತ್ರಕ್ಕೆ ಸಿಕ್ಕದಿರಲಿ, ಆಮ್ಲ ಮೈಗೆ ಸಿಡಿಯದಿರಲಿ ಎಂಬುದು ಅವುಗಳ ಕಾರಣವಾದ್ದರಿಂದ ಅವನ್ನು ಯಾರೂ ಪ್ರಶ್ನಿಸಿಲ್ಲ.

ಕರ್ನಾಟಕದ ಹಿಜಾಬ್ ವಿವಾದದ ಬೇರು ಇರುವುದು ಬಟ್ಟೆಗಿಂತ ಹೆಚ್ಚಾಗಿ ಶಿಕ್ಷಣದ ಹಂತಗಳನ್ನು ಕತ್ತರಿಸಿದ ರೀತಿಯಲ್ಲಿ. ಬ್ರಿಟಿಷರ ಕಾಲದಲ್ಲಿ ಮೆಟ್ರಿಕ್ ಮುಗಿಸಿದವನು ನೇರವಾಗಿ ಕಾಲೇಜಿಗೆ ಹೋಗಿ ಎರಡು ವರ್ಷ ಇಂಟರ್‌ಮೀಡಿಯಟ್ ಓದುತ್ತಿದ್ದ. ಅದು ವಿಶ್ವವಿದ್ಯಾಲಯದ ಕೆಲಸವಲ್ಲ, ಅದನ್ನು ಬೇರ್ಪಡಿಸಬೇಕು ಎಂದು 1917ರಲ್ಲಿ ನೇಮಕವಾದ ಸ್ಯಾಡ್ಲರ್ ಆಯೋಗ ಶಿಫಾರಸು ಮಾಡಿತ್ತು; ಹತ್ತು ವರ್ಷದ ಶಾಲೆ, ನಂತರ ಎರಡು ವರ್ಷ, ಆಮೇಲೆ ಮೂರು ವರ್ಷದ ಪದವಿ ಎಂಬ ಮಾದರಿಯನ್ನು 1964–66ರ ಕೊಠಾರಿ ಆಯೋಗ ಮುಂದಿಟ್ಟಿತು. ನಡುವಣ ಎರಡು ವರ್ಷವನ್ನು ಎಲ್ಲಿಡಬೇಕೆಂಬುದನ್ನು ರಾಜ್ಯಗಳು ತಮ್ಮ ತಮ್ಮ ರೀತಿಯಲ್ಲಿ ತೀರ್ಮಾನಿಸಿದವು. ತಮಿಳುನಾಡು 1978ರಲ್ಲಿ ಅದನ್ನು ಹೈಯರ್ ಸೆಕೆಂಡರಿ ಶಾಲೆಗಳಿಗೆ ಸೇರಿಸಿತು. ಕೇರಳ ತನ್ನಲ್ಲಿ ಪ್ರೀಡಿಗ್ರಿ ಎನ್ನುತ್ತಿದ್ದ ಈ ಹಂತವನ್ನು ಹಂತಹಂತವಾಗಿ ಕಾಲೇಜಿನಿಂದ ಬಿಡಿಸಿ ಶಾಲೆಗೆ ತಂದಿತು. ಕರ್ನಾಟಕ ಅದನ್ನು ಪದವಿಪೂರ್ವ (ಪಿಯು) ಕಾಲೇಜುಗಳಲ್ಲೇ ಉಳಿಸಿಕೊಂಡಿತು. ಹೀಗಾಗಿ ಗಡಿಯಾಚೆಗೆ ಶಾಲಾ ಉಡುಪಿನಲ್ಲಿ ಪ್ಲಸ್ ಟೂ ಓದುವ ಹದಿನಾರು ವರ್ಷದ ಹುಡುಗಿ ಗಡಿಯೀಚೆಗೆ ಕಾಲೇಜು ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗಂತೂ ಕಾಲೇಜು ಎಂದರೆ ಬಣ್ಣದ ಬಟ್ಟೆ ಹಾಕಿಕೊಳ್ಳುವ ಸ್ವಾತಂತ್ರ್ಯ ಎಂಬ ಕಲ್ಪನೆ ಮೊದಲಿನಿಂದಲೂ ಇತ್ತು.

ಕಾನೂನು ಕೂಡ ಈ ಇಬ್ಬಂದಿಯನ್ನು ಬಗೆಹರಿಸಲಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಹೆಸರಿನದಾದರೂ ಜಾರಿಗೆ ಬಂದದ್ದು 1995ರಲ್ಲಿ. ಅದೇ ವರ್ಷದ ನಿಯಮಗಳಲ್ಲಿ 11ನೆಯದು, ಮಾನ್ಯತೆ ಪಡೆದ ಸಂಸ್ಥೆ ತನ್ನದೇ ಸಮವಸ್ತ್ರವನ್ನು ಗೊತ್ತುಪಡಿಸಬಹುದು, ಒಮ್ಮೆ ಗೊತ್ತುಪಡಿಸಿದ್ದನ್ನು ಐದು ವರ್ಷ ಬದಲಿಸಬಾರದು, ಬದಲಿಸುವುದಿದ್ದರೆ ಪೋಷಕರಿಗೆ ಒಂದು ವರ್ಷ ಮುಂಚೆ ತಿಳಿಸಬೇಕು ಎನ್ನುತ್ತದೆ. ಬಟ್ಟೆ ಅಂಗಡಿ ಮತ್ತು ಆಡಳಿತ ಮಂಡಳಿಗಳ ಒಳಒಪ್ಪಂದಗಳನ್ನು ಬಲ್ಲವರಿಗೆ ಈ ನಿಯಮದ ವಿವೇಕ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಪದವಿಪೂರ್ವ ಶಿಕ್ಷಣಕ್ಕೆಂದೇ 2006ರಲ್ಲಿ ಬೇರೆ ನಿಯಮಗಳು ಬಂದವು, ಅವುಗಳಲ್ಲಿ ಸಮವಸ್ತ್ರದ ಪ್ರಸ್ತಾಪವಿಲ್ಲ ಎಂದು ಹೈಕೋರ್ಟಿನಲ್ಲಿ ಅರ್ಜಿದಾರರು ವಾದಿಸಿದರು. 2014ರ ಸುತ್ತೋಲೆಯೊಂದು ಸ್ಥಳೀಯ ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿಗಳನ್ನು ರಚಿಸಿತ್ತು. 2022ರ ಫೆಬ್ರವರಿ 5ರ ಸರಕಾರಿ ಆದೇಶ ಪಿಯು ಕಾಲೇಜುಗಳ ಸಮವಸ್ತ್ರದ ತೀರ್ಮಾನವನ್ನು ಆ ಸಮಿತಿಗಳ ಕೈಗಿತ್ತಿತು. ವಿದ್ಯಾರ್ಥಿಯ ಉಡುಪು ಶಾಸಕರ ಸಭೆಯ ಕಾರ್ಯಸೂಚಿಗೆ ಸೇರಿದ್ದು ಹೀಗೆ.

ಹೈಕೋರ್ಟು ಸಮವಸ್ತ್ರದ ನಿಗದಿಯನ್ನು ಸಂವಿಧಾನಬದ್ಧ ನಿರ್ಬಂಧವೆಂದು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ 2022ರ ಅಕ್ಟೋಬರ್ 13ರಂದು ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅದನ್ನು ಒಪ್ಪಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಹುಡುಗಿಯರ ಓದಿಗೇ ಮೊದಲ ಸ್ಥಾನವೆಂದು ಭಿನ್ನಮತ ಬರೆದರು. ಪದವಿ ಕಾಲೇಜಿನ ಪ್ರಶ್ನೆಯೂ ಬಹಳ ದಿನ ಹಿಂದೆ ಉಳಿಯಲಿಲ್ಲ. ಹಿಜಾಬ್, ಟೋಪಿ, ಬ್ಯಾಡ್ಜುಗಳನ್ನು ನಿಷೇಧಿಸಿದ ಮುಂಬಯಿಯ ಚೆಂಬೂರಿನ ಕಾಲೇಜೊಂದರ ಸೂಚನೆಯನ್ನು ಬಾಂಬೆ ಹೈಕೋರ್ಟು 2024ರ ಜೂನಿನಲ್ಲಿ ಒಪ್ಪಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಭಾಗಶಃ ತಡೆ ನೀಡಿತು.

ಕಡ್ಡಾಯ ಉಡುಪನ್ನು ಇತಿಹಾಸದಲ್ಲಿ ಹೊರಿಸಿದವರು ಗುರು, ಚರ್ಚು, ಸೈನ್ಯ, ಧರ್ಮಾರ್ಥ ಶಾಲೆ. ಇವರೆಲ್ಲರೂ ವಿದ್ಯಾರ್ಥಿಯನ್ನು ತಮ್ಮ ಆಶ್ರಿತನೆಂದೋ ತಮ್ಮ ಪಡೆಯವನೆಂದೋ ಕಂಡವರು. ಮತದಾನದ ಹಕ್ಕು ಪಡೆದ ಪದವಿ ವಿದ್ಯಾರ್ಥಿಗೆ ಈ ಸಂಬಂಧ ಅನ್ವಯಿಸುವುದಿಲ್ಲ. ಆಕ್ಸ್‌ಫರ್ಡಿನಲ್ಲಿ ಪರೀಕ್ಷೆಗೆ ಗೌನು ಇಂದಿಗೂ ಉಳಿದಿದೆಯಾದರೂ 2015ರಲ್ಲಿ ಅಲ್ಲಿನ ವಿದ್ಯಾರ್ಥಿಗಳನ್ನೇ ಮತಕ್ಕೆ ಕರೆಯಲಾಯಿತು, ಮುಕ್ಕಾಲು ಪಾಲಿನಷ್ಟು ಜನ ಅದನ್ನು ಉಳಿಸಿಕೊಳ್ಳಲು ಒಪ್ಪಿದರು. ಪದವಿ ಕಾಲೇಜಿಗೆ ಸಮವಸ್ತ್ರ ಬರುವುದಾದರೆ ಆ ದಾರಿಯಲ್ಲಿ ಬರಬೇಕು. ಪಿಯು ಹಂತದ ಮಾತು ಬೇರೆ: ಅದು ಶಾಲೆಯ ಮುಂದುವರಿಕೆಯೆಂದು ಸರಕಾರ ನಂಬುವುದಾದರೆ ಹಾಗೆಂದು ನಿಯಮದಲ್ಲೇ ಬರೆಯಬೇಕು, ವಿದ್ಯಾವಿಕಾಸ ಯೋಜನೆಯಲ್ಲಿ ಹತ್ತನೇ ತರಗತಿಯವರೆಗೆ ಸರಕಾರಿ ಶಾಲೆಯ ಮಕ್ಕಳಿಗೆ ಕೊಡುವ ಉಚಿತ ಬಟ್ಟೆಯನ್ನು ಇನ್ನೂ ಎರಡು ವರ್ಷಕ್ಕೆ ವಿಸ್ತರಿಸಬೇಕು. ಸಮಾನತೆಯ ಹೆಸರಿನಲ್ಲಿ ಬಟ್ಟೆಯನ್ನು ಕಡ್ಡಾಯ ಮಾಡಿ ಅದರ ಖರ್ಚನ್ನು ಬಡ ಪೋಷಕರ ತಲೆಗೆ ಕಟ್ಟುವುದು ಸಲ್ಲದು.